ಮುನಿರಾಜಪ್ಪನ ಅಳಿಲು

ಮುನಿರಾಜಪ್ಪನ ವ್ಯಾನು ಗೇಟಿನ ಹತ್ತಿರ ಹಾರನ್ ಹೊಡೆದರೆ ನಮ್ಮ ಕಗ್ಗದಾಸಪುರದ ಶಾಲೆಯಲ್ಲಿ ನನ್ನ ಪಾಠ ಅಲ್ಲಿಗೆ ಮುಗಿದಂತೆ. ಇಂದಿರಾನಗರದ ಒಂದು ಸಂಸ್ಥೆ, ಮಕ್ಕಳು ಫೋನು, ಇಂಟರ್ನೆಟ್ಟಿನಲ್ಲಿ ಮೋಸ ಹೋಗದಿರಲೆಂದು ಕಾರ್ಟೂನು ಮಾಡಿತ್ತು. ಅದನ್ನು ಹಲಸೂರಿನಿಂದ ಕೆ.ಆರ್. ಪುರದವರೆಗೆ ಶಾಲೆ ಶಾಲೆಗೆ ಒಯ್ದು, ಪರದೆ ಕಟ್ಟಿ ತೋರಿಸುವುದು ಅವನ ಕೆಲಸ. ಊರಿಗೆಲ್ಲ ಇಂಟರ್ನೆಟ್ ಕಲಿಸುವ ಈ ಮಹಾರಾಯನ ಜೇಬಿನಲ್ಲಿದ್ದದ್ದು ಬಟನ್ ಫೋನು. ಕಿಚಾಯಿಸಿದರೆ, "ಬಿದ್ರೂ ಒಡೆಯಲ್ಲ ಮೇಡಂ," ಅನ್ನುತ್ತಿದ್ದ.

ಕಾರ್ಟೂನಿನಲ್ಲಿ ಒಂದು ಅಳಿಲು. ಗುರುತಿಲ್ಲದವರಿಗೆ ತನ್ನ ಫೋಟೋ ಕಳಿಸಿ ಪೇಚಿಗೆ ಸಿಕ್ಕಿಕೊಳ್ಳುತ್ತದೆ. ಅದಕ್ಕೆ ದನಿ ಕೊಟ್ಟವಳು ಅವನ ಮಗಳು, ನನ್ನ ಕ್ಲಾಸಿನ ಧನುಶ್ರೀ. ರೆಕಾರ್ಡಿಂಗಿಗೆ ಬರಬೇಕಿದ್ದ ಹುಡುಗಿ ಕೈಕೊಟ್ಟಾಗ, ಚಿತ್ರ ಬಿಡಿಸುವ ತನ್ಮಯಿ ವ್ಯಾನಿನಲ್ಲಿ ಕೂತಿದ್ದ ಇವಳನ್ನೇ ಒಳಗೆ ಕರೆದಳಂತೆ. "ಒಂದ್ಸಲ ನೆಟ್ಟಿಗೆ ಹಾಕಿದ್ರೆ ಮುಗೀತು, ಯಾರು ಬಂದ್ರೂ ಅಳಿಸೋಕಾಗಲ್ಲ!" ಎಂದು ಅಳಿಲು ಗೋಳಾಡುವಾಗ ಮಕ್ಕಳು ಬಿದ್ದು ಬಿದ್ದು ನಗುತ್ತಿದ್ದರು.

ಮರುವರ್ಷ ಡೆಂಗಿ ಬಂದು ಧನುಶ್ರೀ ಹೋಗಿಬಿಟ್ಟಳು. ಮುನಿರಾಜಪ್ಪ ಕೆಲಸ ಬಿಡುತ್ತಾನೆ ಅಂದುಕೊಂಡಿದ್ದೆ, ಬಿಡಲಿಲ್ಲ. ಮೊದಲೆಲ್ಲ ಕಾರ್ಟೂನು ಹಾಕಿ ಬೀಡಿ ಸೇದಲು ಹೋಗುತ್ತಿದ್ದವನು ಈಗ ಸ್ಪೀಕರಿನ ಪಕ್ಕದಲ್ಲೇ ಕೂರುತ್ತಿದ್ದ. ಮನೆಯಲ್ಲಿ ಅವಳ ಫೋಟೋಗಳಿದ್ದವು. ಮಾತು ಇದ್ದದ್ದು ಇಲ್ಲಿ ಮಾತ್ರ.

ಕಳೆದ ಜೂನ್‌ನಲ್ಲಿ ಸಂಸ್ಥೆಯವರು ಬೇರೆ ದನಿ ಹಾಕಿಸಿ ಹೊಸ ಕಾರ್ಟೂನು ಮಾಡಿದರು. ಶಾಲೆಗಳಿಗೆ ಕೊಟ್ಟಿದ್ದ ಹಳೆಯ ಕಾರ್ಟೂನಿನ ಪೆನ್‌ಡ್ರೈವ್‌ಗಳನ್ನು ವಾಪಸು ತರಲು ಇವನಿಗೇ ಹೇಳಿದರು.

"ಒಂದಾದ್ರೂ ಇಟ್ಕೊಳ್ರೀ," ಅಂದೆ.

"ನೆಟ್ಟಲ್ಲಿ ಇದ್ದೇ ಇರುತ್ತಲ್ಲ ಮೇಡಂ. ಅವಳೇ ಹೇಳಿದಾಳಲ್ಲ," ಎಂದು ನಕ್ಕು, ನಮ್ಮದನ್ನೂ ಒಯ್ದ.

ಸಂಬಳವಾದ ಮೇಲೆ ದೊಡ್ಡ ಫೋನು ಕೊಂಡು, ಹಳೆಯ ಕಾರ್ಟೂನು ಹಾಕಿಕೊಡಿ ಎಂದು ಆಫೀಸಿಗೆ ಹೋದ. ಕಂಪ್ಯೂಟರಿನ ಮುಂದಿದ್ದ ಹೊಸಬ ಹುಡುಕಿ ನೋಡಿ, "ಎಲ್ಲಾ ಕಡೆ ಡಿಲೀಟ್ ಮಾಡಿದೀವಿ ಅಣ್ಣ. ಅದ್ರಲ್ಲಿ ಯುಪಿಐ ಪಾಠ ಇರ್ಲಿಲ್ಲ," ಅಂದನಂತೆ. ಕೆಲಸ ಬಿಟ್ಟಿದ್ದ ತನ್ಮಯಿಗೆ ಫೋನು ಮಾಡಿದರೆ ಅವಳ ಬಳಿಯೂ ಇಲ್ಲ. ಮಾನ ಕಳೆಯುವ ಫೋಟೋಗಳು ನೆಟ್ಟಿನಲ್ಲಿ ಅಮರವಂತೆ, ಒಂದು ಮಗುವಿನ ದನಿಗೆ ಮಾತ್ರ ಜಾಗವಿಲ್ಲ. ನನಗಂತೂ ಮೈಯೆಲ್ಲ ಉರಿದುಹೋಯಿತು.

ಮೊನ್ನೆ ಬಂದವನು ಪರದೆ ಕಟ್ಟಲಿಲ್ಲ. ಏಳನೇ ಕ್ಲಾಸಿನ ಮಕ್ಕಳ ಮುಂದೆ ಫೋನು ಹಿಡಿದು ನಿಂತು, "ಹಳೇ ಅಳಿಲು ಹೆಂಗೆ ಮಾತಾಡ್ತಿತ್ತು, ಯಾರಾದ್ರೂ ಹೇಳಿ ತೋರಿಸ್ತೀರಾ?" ಅಂದ. ಮಕ್ಕಳಿಗೇನು, ಖುಷಿಯೋ ಖುಷಿ. ಒಬ್ಬಳು ಎದ್ದು ನಿಂತು, ಕೈ ತಿರುವಿ, ಅಳಿಲಿನ ಮಾತನ್ನೆಲ್ಲ ಒಂದೂ ಬಿಡದೆ ಒಪ್ಪಿಸಿದಳು. ಮುನಿರಾಜಪ್ಪ ತಲೆ ಬಗ್ಗಿಸಿ ರೆಕಾರ್ಡ್ ಮಾಡಿಕೊಂಡ.

"ಹಂಗೇ ಇತ್ತಲ್ವಾ ಅಂಕಲ್?"

"ಹಂಗೇ ಇತ್ತಮ್ಮ," ಎಂದು ಅವಳ ತಲೆ ಸವರಿದ.

ಗೇಟಿನವರೆಗೆ ಜೊತೆಗೆ ಹೋದೆ. ವ್ಯಾನು ಹತ್ತಿದವನು ಸ್ಟಾರ್ಟ್ ಮಾಡದೆ ಕೂತ. "ಮೇಡಂ, ಅವಳು ನನ್ನ 'ಅಪ್ಪಾ' ಅಂತ ಹೆಂಗೆ ಕರೀತಿದ್ಲು? ಎಷ್ಟು ಯೋಚ್ನೆ ಮಾಡಿದ್ರೂ ಕಿವಿಗೆ ಬರ್ತಿಲ್ಲ," ಅಂದ.

ನನಗೂ ಬರಲಿಲ್ಲ.