ಹಳಿ ಕಿತ್ತ ದಾರಿಯಾಚೆಯ ಚರಗ

ಬಾದಾಮಿ ಬಿಟ್ಟು ಬಾಗಲಕೋಟೆ ಕಡೆಗೆ ಸ್ವಲ್ಪ ದೂರ ಬಂದರೆ, ಮೊದಲು ಸಣ್ಣ ರೈಲು ಓಡುತ್ತಿದ್ದ ಹಳೆಯ ದಾರಿ ಸಿಗುತ್ತದೆ. ದೊಡ್ಡ ರೈಲಿಗೆ ಬೇರೆ ದಾರಿ ಮಾಡಿದಾಗ ಇಲ್ಲಿನ ಹಳಿ ಕಿತ್ತರು. ಉಳಿದದ್ದು ಮಣ್ಣಿನ ಏರಿ, ಅದರ ಮೇಲೆ ಒಂದಿಷ್ಟು ಜಲ್ಲಿಕಲ್ಲು. ಭಾನುವಾರ ನಾನೂ ಅಪ್ಪನೂ ಅದರ ಮೇಲೆ ಸೈಕಲ್ ಹೊಡೆಯುತ್ತೇವೆ. ನನ್ನದು ಗೇರಿನ ಸೈಕಲ್ಲು, ಅಪ್ಪನದು ಮಾಸ್ತರಿಕೆಯ ಕಾಲದ್ದು. ಆದರೂ ಮುಂದೆ ಅಪ್ಪನೇ. ನಾನು ಹಿಂದೆ ಬಿದ್ದರೆ, "ಸೈಕಲ್ಲಿಗೆ ಮೇವು ಹಾಕಿಲ್ಲೇನವಾ?" ಎನ್ನುತ್ತಾರೆ.

ದಾರಿಯುದ್ದಕ್ಕೂ ಈಗ ದ್ರಾಕ್ಷಿ ತೋಟಗಳು. ತಿನ್ನುವ ದ್ರಾಕ್ಷಿಯಲ್ಲ, ಲಾರಿ ತುಂಬಿ ವೈನ್ ಕಾರ್ಖಾನೆಗೆ ಹೋಗುವ ಸಣ್ಣ ಕಾಳಿನ ದ್ರಾಕ್ಷಿ. ಆಸೆಪಟ್ಟು ಬಾಯಿಗೆ ಹಾಕಿಕೊಂಡವರ ಮುಖ ನೋಡಬೇಕು.

ನಮ್ಮ ಮನೆಯ ಜಗಳಕ್ಕೂ ಈ ದ್ರಾಕ್ಷಿಯೇ ಕಾರಣ. ಏರಿಯ ಪಶ್ಚಿಮಕ್ಕೆ ಅಪ್ಪನ ಪಾಲಿನ ಹೊಲ, ಪೂರ್ವಕ್ಕೆ ಅವರ ತಮ್ಮ, ನಮ್ಮ ಕಾಕಾನದು. ಅಪ್ಪ ಜೋಳ ಬಿತ್ತಿಸುತ್ತಾರೆ. ಕಾಕಾ ವೈನ್ ದ್ರಾಕ್ಷಿ ಹಚ್ಚಿದರು. ಕೊರಳಲ್ಲಿ ಲಿಂಗ ಕಟ್ಟಿಕೊಂಡವರ ಹೊಲದಲ್ಲಿ ಹೆಂಡದ ಬೆಳೆಯೇ ಎಂದು ಸಿಟ್ಟಾದ ಅಪ್ಪ ಮತ್ತೆ ಆ ಹೊಲಕ್ಕೆ ಕಾಲಿಡಲಿಲ್ಲ. "ನಾ ಹಣ್ಣ ಬೆಳೀತೇನಿ ಅಣ್ಣಾ, ಹೆಂಡ ಕಾಸೂದಿಲ್ಲ" ಎಂದು ಕಾಕಾ ಹೇಳಿ ಹೇಳಿ ಸೋತರು. ಅಷ್ಟೊಂದು ಸಿಟ್ಟಿದ್ದರೆ ಬೇರೆ ದಾರಿ ಹಿಡಿಯಬಹುದಿತ್ತು. ಇಲ್ಲ, ಪ್ರತಿ ಭಾನುವಾರ ಇದೇ ಏರಿ. ತಮ್ಮನ ತೋಟ ಬಂದಾಗ ಮಾತ್ರ ಕತ್ತು ಜೋಳದ ಕಡೆಗೆ.

ಇದರಿಂದ ಕೊರಗು ಹತ್ತಿದ್ದು ಕಾಕಿಗೆ. ಎಳ್ಳಮಾವಾಸ್ಯೆಗೆ ಹೊಲದ ತುಂಬ ಎಡೆ ಚೆಲ್ಲಿ ಭೂಮಿತಾಯಿಗೆ ಉಣಿಸುವುದು, ಅಂದರೆ ಚರಗ ಚೆಲ್ಲುವುದು, ನಮ್ಮಲ್ಲಿ ಮನೆಯ ಹಿರಿಯನ ಕೆಲಸ. ಅಣ್ಣ ಇರುವಾಗ ತಮ್ಮ ಚೆಲ್ಲುವಂತಿಲ್ಲ. ಹೀಗಾಗಿ ದ್ರಾಕ್ಷಿ ಹಚ್ಚಿದಾಗಿನಿಂದ ಆ ಹೊಲಕ್ಕೆ ಚರಗವೇ ಇಲ್ಲ. "ತಾಯಿನ್ನ ಉಪಾಸ ಇಟ್ಟು ನಾವ್ ಹೆಂಗ ಉಣ್ಣೂದವಾ?" ಎಂದು ಕಾಕಿ ನನ್ನ ಮುಂದೆ ಕಣ್ಣೀರು ಹಾಕಿದ್ದಳು. ನನಗೂ ಸಂಕಟವಾಗಿತ್ತು.

ಹೋದ ಎಳ್ಳಮಾವಾಸ್ಯೆಗೂ ಸೈಕಲ್ ಮೇಲೆಯೇ ಬುತ್ತಿ ತಂದೆವು. ಸಜ್ಜೆರೊಟ್ಟಿ, ಕಡಬು, ಬದನೆಕಾಯಿ ಪಲ್ಯ. ಬನ್ನಿ ಗಿಡದ ಕೆಳಗೆ ಐದು ಕಲ್ಲಿಟ್ಟು ಪೂಜೆ ಮಾಡಿ ಅಪ್ಪ ಚರಗದ ಬುಟ್ಟಿ ಹಿಡಿದು ಹೊರಟರು. ಹಿಂದೆ ತಂಬಿಗೆಯಿಂದ ನೀರು ಚಿಮುಕಿಸುತ್ತ ನಾನು. ಒಮ್ಮೆ ಹೊರಟರೆ ಸುತ್ತು ಮುಗಿಯುವ ತನಕ ಚರಗದ ಕೂಗು ಬಿಟ್ಟು ಬೇರೆ ಮಾತಾಡುವಂತಿಲ್ಲ, ಅರ್ಧಕ್ಕೆ ತಿರುಗುವಂತಿಲ್ಲ. ನಮ್ಮ ಮನೆಯ ನೇಮ ಅದು.

ಜೋಳದ ಎರಡು ಮೂಲೆ ಮುಗಿಸಿದ ಅಪ್ಪ ಅಲ್ಲಿ ಬಲಕ್ಕೆ ಹೊರಳಬೇಕಿತ್ತು. ಅದೇನು ಗುಂಗಿನಲ್ಲಿದ್ದರೋ, ಹೊರಳದೆ ನೆಟ್ಟಗೆ ಏರಿ ಹತ್ತಿದರು. ನಿಂತು ಆ ಕಡೆ ಒಮ್ಮೆ, ಈ ಕಡೆ ಒಮ್ಮೆ ನೋಡಿದರು. ಹೊಲ ಪಾಲಾಗುವ ಮೊದಲು ಹೀಗೆಯೇ ಗಾಡಿ ಬಂತೇನೋ ಎಂದು ನೋಡಿ, ಹಳಿ ದಾಟಿ, ಆಚೆ ಚರಗ ಚೆಲ್ಲುತ್ತಿದ್ದರು. ಈಗ ಹಳಿಯೂ ಇಲ್ಲ, ಗಾಡಿಯೂ ಇಲ್ಲ. ಕಾಲು ಮಾತ್ರ ಹಳೆಯ ಸುತ್ತು ಮರೆತಿರಲಿಲ್ಲ. ನಾನು ಎಚ್ಚರಿಸಬಹುದಿತ್ತು. ಆದರೆ ಮಾತಾಡುವಂತಿಲ್ಲವಲ್ಲ. ಇಷ್ಟು ಖುಷಿಯಿಂದ ಯಾವ ನೇಮವನ್ನೂ ನಾನು ಪಾಲಿಸಿಲ್ಲ.

ಬಳ್ಳಿಯ ತುದಿ ಹಣೆಗೆ ತಾಗಿದಾಗಲೇ ಅಪ್ಪನಿಗೆ ಎಚ್ಚರವಾದದ್ದು. ಕೈ ಬುಟ್ಟಿಯಲ್ಲೇ ನಿಂತಿತು. ಎದುರಿಗೆ ಉಣ್ಣಲು ಕುಳಿತಿದ್ದ ಕಾಕಾ ಎದ್ದು ನಿಂತರು. ಕಾಕಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ತಿರುಗಿದರೆ ಚರಗ ಕೆಡುತ್ತದೆ, ಮುಂದೆ ಹೋದರೆ ಇಷ್ಟು ವರ್ಷದ ಹಠ ಮಣ್ಣುಪಾಲು. ಅಪ್ಪ ಕತ್ತಷ್ಟೇ ಹೊರಳಿಸಿ ನನ್ನ ಮುಖ ನೋಡಿದರು. ನಾನು ನೆಲಕ್ಕೆ ನೀರು ಚಿಮುಕಿಸಿದೆ.

ಅಪ್ಪ ಮುಷ್ಟಿ ತುಂಬಿಕೊಂಡು, ಸಾಲೆಯ ಅಂಗಳಕ್ಕೆಲ್ಲ ಕೇಳುತ್ತಿದ್ದ ದನಿಯಲ್ಲಿ ಕೂಗು ಹಾಕಿ, ಬಳ್ಳಿಯ ಸಾಲುಗಳಲ್ಲಿ ಚೆಲ್ಲುತ್ತ ನಡೆದರು. ತೋಟದ ಕೊನೆಯ ಮೂಲೆ ಮುಗಿಸಿ ಕಾಕಾನ ಮುಂದೆ ಬರುವಾಗ ಬುಟ್ಟಿ ಖಾಲಿಯಾಗಿತ್ತು. ಜೋಳದ ಎರಡು ಮೂಲೆ ಇನ್ನೂ ಬಾಕಿ ಇದ್ದವು.

ಅಪ್ಪ ಖಾಲಿ ಬುಟ್ಟಿಯನ್ನು ತಮ್ಮನ ಮುಂದೆ ಚಾಚಿದರು. ಕಾಕಿ ತನ್ನ ಬುತ್ತಿಯನ್ನೆಲ್ಲ ಅದಕ್ಕೆ ಸುರಿದಳು. ಕಾಕಾ ನನ್ನ ಕೈಯ ತಂಬಿಗೆ ತೆಗೆದುಕೊಂಡು ಅಣ್ಣನ ಹಿಂದೆ ನಡೆದರು.