ಧ್ರುವದ ಗೂಟ, ಬದುವಿನ ಕಲ್ಲು

ಹರಿಹರದ ಆಚೆ ಕಡರನಾಯಕನಹಳ್ಳಿಯಲ್ಲಿ ನಮ್ಮ ಹೊಲಕ್ಕೂ ಚಿಕ್ಕಪ್ಪನ ಹೊಲಕ್ಕೂ ನಡುವೆ ಒಂದು ಗಡಿಕಲ್ಲಿದೆ. ಕಳೆದ ವರ್ಷ ಅದಕ್ಕೆ ಸ್ಕೂಟರ್ ಗುದ್ದಿದವಳು ನಾನು. ದಾವಣಗೆರೆಯ ನಿಟ್ಟುವಳ್ಳಿಯಲ್ಲಿ ಹೈಸ್ಕೂಲ್ ಮಕ್ಕಳಿಗೆ ಭೂಗೋಳ ಕಲಿಸುತ್ತೇನೆ, ಬದುವಿನ ಮೇಲೆ ಗಾಡಿ ತಿರುಗಿಸಲು ಮಾತ್ರ ಬರುವುದಿಲ್ಲ. ಉರುಳಿದ ಕಲ್ಲನ್ನು ಎತ್ತಿ ನಿಲ್ಲಿಸಿ, ಅತ್ತಿತ್ತ ನೋಡಿ, ಬುಡಕ್ಕೆ ಮಣ್ಣು ತುಳಿದು ಜಾಗ ಖಾಲಿ ಮಾಡಿದೆ. ಒಂದು ಗೇಣು ತಪ್ಪಿತ್ತು.

ಕಲ್ಲು ನಮ್ಮ ಹೊಲದೊಳಕ್ಕೆ ಬಂದಿದೆ, ತಮ್ಮನದೇ ಕೆಲಸ ಎಂದರು ಅಪ್ಪ. ನನ್ನ ಮೇಲೆ ಗೂಬೆ ಕೂರಿಸಲು ನೀನೇ ಸರಿಸಿದ್ದೀಯ ಎಂದರು ಚಿಕ್ಕಪ್ಪ. ಇಬ್ಬರೂ ಮಾತು ಬಿಟ್ಟರು. ನನಗೆ ಬಾಯಿ ಬಿಡುವ ಧೈರ್ಯ ಬರಲಿಲ್ಲ.

ಸೀಗೆ ಹುಣ್ಣಿಮೆಗೆ ಭೂಮಿತಾಯಿಗೆ ಪೂಜೆ ಮಾಡಿ, ಎರಡೂ ಮನೆಯವರು ಆ ಕಲ್ಲಿನ ಪಕ್ಕದಲ್ಲೇ ಕೂತು ಬುತ್ತಿ ಉಣ್ಣುವುದು ನಮ್ಮ ಪದ್ಧತಿ. ಅಣ್ಣತಮ್ಮಂದಿರು ಬಂದರು, ಆದರೆ ಬೆನ್ನು ತಿರುಗಿಸಿ ಕೂತರು. ನನ್ನಿಂದಾಗಿ ಹೀಗಾಯಿತಲ್ಲ ಎಂದು ಸಂಕಟವಾಗಿ, ಪಾಠ ಶುರು ಮಾಡಿದೆ.

"ದಕ್ಷಿಣ ಧ್ರುವದಾಗ ಒಂದು ಗೂಟ ನೆಟ್ಟಾರೆ. ಅದರ ಕೆಳಗೆಲ್ಲಾ ಹಿಮ. ಆ ಹಿಮ ವರ್ಷಕ್ಕೆ ಹತ್ತು ಮೀಟರ್‌ನಷ್ಟು ಜರೀತೈತೆ, ಗೂಟಾನೂ ಹೊತ್ಕಂಡು ಹೋಗ್ತೈತೆ. ಅದಕ್ಕೇ ಪ್ರತಿ ಹೊಸ ವರ್ಷ ಅಳತೆ ಮಾಡಿ ಬ್ಯಾರೆ ಗೂಟ ನೆಡ್ತಾರೆ."

ಚಿಕ್ಕಪ್ಪ ಕಿವಿ ನೆಟ್ಟಗೆ ಮಾಡಿದರು. "ಹಂಗಾರೆ ಗೂಟ ಯಾರೂ ಕಿತ್ತಿರಲ್ಲ?"

"ಯಾರೂ ಇಲ್ಲ ಚಿಕ್ಕಪ್ಪ."

ಅಪ್ಪ ಗಂಟಲು ಸರಿಮಾಡಿಕೊಂಡರು. "ನಮ್ದೂ ಎರೆ ಮಣ್ಣಿನ ಹೊಲ. ಮಳೆಗಾಲದಾಗ ಜರೀದೇ ಇರ್ತೈತಾ?"

"ನನಗೂ ಹಂಗೇ ಅನಿಸಿತ್ತಣ್ಣ," ಎನ್ನುತ್ತ ಚಿಕ್ಕಪ್ಪ ತಮ್ಮ ಎಲೆಯಿಂದ ಎರಡು ಕಡುಬು ಎತ್ತಿ ಅಪ್ಪನ ಎಲೆಗೆ ಹಾಕಿದರು.

ಪರೀಕ್ಷೆಯಲ್ಲಿ ಯಾರಾದರೂ ಹೀಗೆ ಬರೆದಿದ್ದರೆ ಸೊನ್ನೆ ಸುತ್ತುತ್ತಿದ್ದೆ. ನಾಚಿಕೆ ತಡೆಯಲಾರದೆ ಎಲ್ಲ ಹೇಳಿಬಿಟ್ಟೆ: ಸ್ಕೂಟರ್, ಉರುಳಿದ ಕಲ್ಲು, ತುಳಿದ ಮಣ್ಣು.

ಚಿಕ್ಕಪ್ಪನ ಕಣ್ಣಲ್ಲಿ ನೀರು ಬಂತು. "ನೋಡಣ್ಣ, ನಮ್ಮಿಬ್ಬರನ್ನ ಕೂಡಿಸಾಕೆ ತಪ್ಪೆಲ್ಲಾ ತನ್ನ ಮ್ಯಾಲೆ ಹಾಕ್ಕಂತಾಳೆ!"

"ನಮಗೋಸ್ಕರ ಸುಳ್ಳು ಹೇಳಬ್ಯಾಡವ್ವ," ಎಂದು ಅಪ್ಪ ತಲೆ ಸವರಿದರು. ಆಣೆ ಮಾಡಿದೆ. ನಂಬಲಿಲ್ಲ.

ಊಟವಾದ ಮೇಲೆ ಇಬ್ಬರೂ ಸೇರಿ ಕಲ್ಲು ಕಿತ್ತರು. ಈ ವರ್ಷ ಎಲ್ಲಿ ನೆಡಬೇಕು ಎಂದು ನನ್ನನ್ನೇ ಕೇಳಿದರು. ನಾನು ಸರಿಯಾಗಿ, ಸ್ಕೂಟರ್ ಗುದ್ದುವ ಮೊದಲು ಕಲ್ಲಿದ್ದ ಹಳೆಯ ಜಾಗವನ್ನೇ ತೋರಿಸಿದೆ.

"ಅದು ಬ್ಯಾಡ," ಎಂದರು ಇಬ್ಬರೂ ಒಂದೇ ದನಿಯಲ್ಲಿ, "ಅದು ಹ್ವಾದ ವರ್ಷದ್ದು."