ಅಂಗೈಯಲ್ಲೇ ಕಾರಿನ ಜಾತಕ ಓದುವ ಜುಮಾಗುಲ್

ಭಾನುವಾರದ ಬೆಳಕು ಇನ್ನೂ ಸರಿಯಾಗಿ ಹರಿದಿಲ್ಲ. ಬಿಷ್ಕೆಕ್ ನಗರದ ಹೊರವಲಯದ ಕಾರು ಸಂತೆಯಲ್ಲಿ, ಬೂದು ಬಣ್ಣದ ಕಾರೊಂದರ ಅಡಿಯಿಂದ ಎರಡು ಕಾಲು ಹೊರಚಾಚಿವೆ. ರಬ್ಬರ್ ಬೂಟು, ಅದರ ಮೇಲೆ ಹೂವಿನ ಲಂಗ. ಕೊಳ್ಳಲು ಬಂದವನು ಬಗ್ಗಿ ನೋಡುತ್ತಿದ್ದಾನೆ. ಅಡಿಯಿಂದ ದನಿ ಬರುತ್ತದೆ: "ಬಣ್ಣ ಹೊಸದು, ತುಕ್ಕು ಹಳೇದು. ಬೇರೆ ನೋಡಪ್ಪ."

ಇವರೇ ಜುಮಾಗುಲ್. ವಯಸ್ಸು ಐವತ್ತೇಳು. ಹಳೆಯ ಕಾರು ಕೊಳ್ಳುವವರ ಪರವಾಗಿ ಅದರ ಗುಣದೋಷ ನೋಡಿ ಹೇಳುವುದು ಇವರ ಕಸುಬು. ಅಪ್ಪ ಕುದುರೆಯ ಮೈ ಸವರಿ ಯೋಗ್ಯತೆ ಹೇಳುತ್ತಿದ್ದ 'ಸಿಂಚಿ'. ಮಗಳು ಕಾರಿನ ಬಾಗಿಲ ಸಂದು ಸವರುತ್ತಾರೆ, ಅಷ್ಟೇ ವ್ಯತ್ಯಾಸ. ಬಸ್ ಡಿಪೊದಲ್ಲಿ ಹದಿನೆಂಟು ವರ್ಷ ಬೆಸುಗೆ ಹಾಕಿದ ಕೈ ಇದು. ಡಿಪೊ ಮುಚ್ಚಿದಾಗ ಈ ಸಂತೆಗೆ ಬಂದರು. ಹೆಂಗಸಿಗೆ ಗೇರು ಯಾವುದು ಬ್ರೇಕು ಯಾವುದು ಗೊತ್ತೇನು ಎಂದು ಗಂಡಸರು ನಕ್ಕರು. ನಕ್ಕವರೇ ಈಗ ಸಾಲಿನಲ್ಲಿ ನಿಲ್ಲುತ್ತಾರೆ.

ಭಾನುವಾರಕ್ಕೆ ಹತ್ತು ಹನ್ನೆರಡು ಕಾರು. ಅಷ್ಟೂ ಸಲ ತಣ್ಣನೆ ನೆಲಕ್ಕೆ ಮಲಗಿ ಏಳಬೇಕು. ಮಂಡಿ ಮಾತು ಕೇಳುವುದಿಲ್ಲ, ನಾಲಗೆ ಮಾತ್ರ ಹರಿತವಾಗಿದೆ. ಚಹಾದಂಗಡಿ ಮುಂದೆ ಸ್ಟಿಯರಿಂಗ್ ಬಲಗಡೆ ಇರಬೇಕೋ ಎಡಗಡೆಯೋ ಎಂದು ಕಾರು ಹುಚ್ಚರು ಬೆಳಗಿನಿಂದ ಜಗಳವಾಡುತ್ತಿದ್ದಾರೆ. ಜಪಾನಿನದು ಸಾಯುವುದೇ ಇಲ್ಲ ಎಂದು ಒಬ್ಬ, ಜರ್ಮನಿಯದರ ಗತ್ತೇ ಬೇರೆ ಎಂದು ಇನ್ನೊಬ್ಬ. "ಎಲ್ಲಿ ಹುಟ್ಟಿದ್ರೇನಪ್ಪ, ಯಾರ ಕೈಲಿ ಬೆಳೀತು ಕೇಳ್ರೋ" ಎನ್ನುತ್ತಾರೆ ಜುಮಾಗುಲ್. "ಎಣ್ಣೆ ಬದಲಾಯಿಸೋಕೆ ಸೋಮಾರಿ, ಚಕ್ರಕ್ಕೆ ಹೊಳಪು ಹಚ್ಚೋಕೆ ಮುಂದು. ಅಂಥವನ ಕಾರು ಪುಕ್ಕಟೆ ಕೊಟ್ರೂ ಬೇಡಿ."

ಕಾರು ಕೈ ಬದಲಾಯಿಸಿದಾಗ ಇಲ್ಲಿ 'ಕುತ್ತು ಬೊಲ್ಸುನ್', ಅಂದರೆ ಶುಭವಾಗಲಿ ಎಂದು ಹರಸುತ್ತಾರೆ. ಆ ಮಾತು ಬಿದ್ದಮೇಲೆ ವ್ಯಾಪಾರ ಮುಗಿಯಿತು. ಆಮೇಲೆ ಗಾಡಿಯ ಕೊಂಕು ಎತ್ತುವುದು ಅಪಶಕುನ, ಮರ್ಯಾದೆಗೇಡು. ಹಿಂದೊಮ್ಮೆ ಆ ಹರಕೆ ಕೇಳಿ ಜುಮಾಗುಲ್ ಕೂಡ ದೋಷ ಕಂಡೂ ಬಾಯಿ ಮುಚ್ಚಿಕೊಂಡಿದ್ದರು. ಕೊಂಡವನ ಗಾಡಿ ಕಣಿವೆಯ ತಿರುವಿನಲ್ಲಿ ಉರುಳಿತು. ಜೀವ ಉಳಿಯಿತು, ಕಾಲು ಕುಂಟಾಯಿತು. "ಈಗಲೂ ಸಂತೇಲಿ ಸಿಕ್ತಾನೆ. ಅಕ್ಕಾ ಅಂತಾನೆ. ಬೈದಿದ್ರೆ ವಾಸಿಯಿತ್ತು."

ಈ ಭಾನುವಾರ ಗುಡ್ಡಗಾಡಿನ ನಾರಿನ್ ಕಡೆಯ ಮೇಷ್ಟ್ರು ಮೆದೆರ್ ಒಂದು ಬಿಳಿ ಕಾರು ಮೆಚ್ಚಿ, ಜುಮಾಗುಲ್ ಅವರನ್ನು ಕರೆದೊಯ್ಯುತ್ತಾರೆ. ಅದನ್ನು ಮಾರಲು ತಂದು ಪಕ್ಕ ನಿಂತವನು ಎಸೆನ್. ಜುಮಾಗುಲ್ ಅವರ ಒಡಹುಟ್ಟಿದ ತಮ್ಮ. ಈ ಕಾರು ಕೊಳ್ಳುವಾಗ ಅವನು ಅಕ್ಕನನ್ನು ಕೇಳಿರಲಿಲ್ಲ, ಕಾರು ತೋರಿಸಿಯೂ ಇರಲಿಲ್ಲ. ಅಕ್ಕ ಡಿಕ್ಕಿಯ ಚಾಪೆ ಎತ್ತುವಷ್ಟರಲ್ಲಿ ಎಸೆನ್ ಮೇಷ್ಟ್ರ ಕೈ ಹಿಡಿದು ಜೋರಾಗಿ ಕುಲುಕಿ, "ಕುತ್ತು ಬೊಲ್ಸುನ್" ಎಂದುಬಿಡುತ್ತಾನೆ. ಸುತ್ತಲಿದ್ದವರೂ ದನಿಗೂಡಿಸುತ್ತಾರೆ. ಮೇಷ್ಟ್ರ ಮುಖ ಅರಳುತ್ತದೆ.

ಜುಮಾಗುಲ್ ಚಾಪೆ ಕೆಳಗಿಡುವುದಿಲ್ಲ. "ಮೇಷ್ಟ್ರೇ, ಕೈ ಬಿಡಿಸ್ಕೊಳ್ಳಿ. ಇದು ಮುಂದೊಂದು ಕಾರು, ಹಿಂದೊಂದು ಕಾರು. ನಡುವೆ ಕೂಡಿಸಿ ಬೆಸುಗೆ ಹಾಕಿದ್ದಾರೆ. ಘಾಟಿಯಲ್ಲಿ ಬಿಟ್ಕೊಂಡ್ರೆ ಕಥೆ ಮುಗೀತು."

"ಹರಸಿ ಆಗಿದೆಯಲ್ಲ ಅಕ್ಕ" ಎಂದು ಯಾರೋ ಗೊಣಗುತ್ತಾರೆ.

"ಹರಕೆ ಬೆಸುಗೆ ಹಿಡ್ಕೊಳ್ಳಲ್ಲಪ್ಪ."

ಮೇಷ್ಟ್ರು ಮೆಲ್ಲಗೆ ಜಾಗ ಖಾಲಿ ಮಾಡುತ್ತಾರೆ. ಎಸೆನ್ ಮುಖ ಕೆಂಪಾಗಿದೆ. "ನಾಲ್ಕು ಜನರ ಮುಂದೆ ಮಾನ ಕಳೆದೆ. ಒಡಹುಟ್ಟಿದವಳೋ, ಶತ್ರುವೋ?"

"ಗೊತ್ತಿತ್ತಾ ನಿಂಗೆ?"

"ಎರಡು ತಿಂಗಳಾಯ್ತು ಗೊತ್ತಾಗಿ." ಅವನು ನೆಲ ನೋಡುತ್ತಾನೆ. "ಹೆಂಗಸನ್ನ ಮುಂದೆ ಬಿಟ್ಕೊಂಡು ಕಾರು ತಗೊಂಡ ಅಂತಾರೆ, ಅದಕ್ಕೇ ಆವತ್ತು ನಿನ್ನ ಕರೀಲಿಲ್ಲ."

ಜುಮಾಗುಲ್ ಅವರಿಗೆ ಕಣ್ಣು ತುಂಬುತ್ತದೆ. ಸಿಟ್ಟಿಗೋ ದುಃಖಕ್ಕೋ ಅವರಿಗೇ ತಿಳಿಯದು. ಊರೆಲ್ಲ ನಂಬಿದ ಕೈಯನ್ನು ಮನೆಯವನೇ ನಂಬಲಿಲ್ಲವಲ್ಲ. ಎಸೆನ್ ಕಾರು ಹತ್ತಿ ಹೊರಡಲು ಹೋದಾಗ ಅವರು ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. "ಕೀಲಿ ಕೊಡು."

"ಊರಿಗೆ ಹೋಗೋದು ಬೇಡ್ವಾ?"

"ಬಾಡಿಗೆ ಗಾಡೀಲಿ ಹೋಗು. ಮಾರೋಕೂ ಬಿಡಲ್ಲ, ಇದರಲ್ಲಿ ಸಾಯೋಕೂ ಬಿಡಲ್ಲ. ಇಷ್ಟು ದಿನ ಮಕ್ಕಳನ್ನೂ ಇದರಲ್ಲೇ ಕೂರಿಸ್ಕೊಂಡು ತಿರುಗಿದ್ಯಲ್ಲೋ, ಪಾಪಿ."

ಎಸೆನ್ ಕೀಲಿಯನ್ನು ಅಕ್ಕನ ಅಂಗೈಗೆ ಹಾಕುತ್ತಾನೆ. ಸಂತೆಯ ಬಾಗಿಲಲ್ಲಿ ಅವನ ಊರಿನ ದಾರಿಯಲ್ಲೇ ನಾರಿನ್‌ಗೆ ಹೊರಟ ಬಾಡಿಗೆ ಕಾರೊಂದು ಜನ ತುಂಬಿಸಿಕೊಳ್ಳುತ್ತಿದೆ. ಅತ್ತ ಹೋದವನು ಒಂದು ಕಾಲು ಒಳಗಿಟ್ಟು, ತೆಗೆದು, ವಾಪಸು ಬರುತ್ತಾನೆ. ತಲೆ ತಗ್ಗಿಸಿಯೇ ಇದ್ದಾನೆ.

"ಅಕ್ಕ, ಆ ಗಾಡಿ ಒಂದ್ಸಲ ನೋಡ್ತೀಯಾ?"

ಜುಮಾಗುಲ್ ಹೋಗಿ ಅದರ ಅಡಿಗೆ ಮಲಗುತ್ತಾರೆ. ಡ್ರೈವರ್ ಗೊಣಗುತ್ತಾನೆ, ಪ್ರಯಾಣಿಕರು ಗಡಿಯಾರ ನೋಡುತ್ತಾರೆ. ಅವರು ಅವಸರ ಮಾಡುವುದಿಲ್ಲ. ನಾಲ್ಕೂ ಚಕ್ರ ನೋಡಿದ ಮೇಲೆಯೇ ಏಳುತ್ತಾರೆ. "ಹತ್ಕೊ" ಎನ್ನುತ್ತಾರೆ ತಮ್ಮನಿಗೆ.

ಕಾರು ಮರೆಯಾದ ಮೇಲೆ ಲಂಗದ ಧೂಳು ಕೊಡವಿಕೊಳ್ಳುತ್ತಾ ಮೆಲ್ಲಗೆ ಹೇಳುತ್ತಾರೆ: "ಇಷ್ಟು ವರ್ಷಕ್ಕೆ ಇವತ್ತು ಕೇಳಿದ, ನೋಡಿ."